ಎದೆಯೊಳಗಿನ ಯಂತ್ರಕ್ಕೆ ಸೋಂಕು ತಗುಲಿದಾಗ

ಜೀವ ದೇವರ ವರದಾನ. ಅದನ್ನು ಕಾಪಾಡುವುದು ನಮ್ಮ ಕರ್ತವ್ಯ. ಆದರೆ ಅದಕ್ಕಾಗಿ ಎಷ್ಟು ನೋವು, ಎಷ್ಟು ಅಪಾಯ ಹೊರಬೇಕು? ಪೇಸ್‌ಮೇಕರ್ ಇಟ್ಟುಕೊಂಡ ಹಿರಿಯರಿರುವ ಮನೆಗಳಲ್ಲಿ ಈ ಪ್ರಶ್ನೆ ಒಂದು ದಿನ ಏಳಬಹುದು.

೧೯೫೮ರಲ್ಲಿ ಸ್ವೀಡನ್ನಿನ ಆರ್ನೆ ಲಾರ್ಸನ್‌ರ ದೇಹದೊಳಗೆ ಇಟ್ಟ ಮೊದಲ ಪೇಸ್‌ಮೇಕರ್ ಕೆಲವೇ ಗಂಟೆ ನಡೆಯಿತು. ಆದರೂ ಯಂತ್ರದ ಮೇಲೆ ಯಂತ್ರ ಬದಲಿಸುತ್ತ ಅವರು ೨೦೦೧ರವರೆಗೆ ಬಾಳಿದರು. ಜಗದ್ಗುರು ೧೬ನೇ ಬೆನೆಡಿಕ್ಟರಿಗೂ ಪೇಸ್‌ಮೇಕರ್ ಇದ್ದುದು ೨೦೧೩ರಲ್ಲಿ ಲೋಕಕ್ಕೆ ತಿಳಿಯಿತು.

ಈ ಉಪಕಾರಿ ಯಂತ್ರಕ್ಕೂ ಒಂದು ಅಪಾಯವುಂಟು. ನಮ್ಮ ಚರ್ಮದ ಮೇಲೆಯೇ ವಾಸಿಸುವ ಸ್ಟಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಗಳು ಯಂತ್ರವಿಟ್ಟ ಜಾಗವನ್ನು ಸೇರಿ, ತಂತಿಯ ಗುಂಟ ಹೃದಯವನ್ನು ತಲುಪಬಹುದು. ಬ್ಯಾಟರಿ ಮುಗಿದು ಯಂತ್ರ ಬದಲಿಸಿದಾಗ ಈ ಅಪಾಯ ಮೊದಲ ಸಲಕ್ಕಿಂತ ಹೆಚ್ಚು. ಅವು ತಂತಿಗೆ ಅಂಟಿ ಪೊರೆ ಕಟ್ಟಿಕೊಳ್ಳುವುದರಿಂದ ಬರೀ ಔಷಧದಿಂದ ಸಾಮಾನ್ಯವಾಗಿ ವಾಸಿಯಾಗದು. ಯಂತ್ರವನ್ನೂ ತಂತಿಗಳನ್ನೂ ಪೂರ್ತಿ ಹೊರತೆಗೆದು, ಆಂಟಿಬಯೋಟಿಕ್ ಕೊಟ್ಟು, ಅಗತ್ಯವಿದ್ದರೆ ಬೇರೆ ಜಾಗದಲ್ಲಿ ಹೊಸದನ್ನು ಇಡಬೇಕು. ವರ್ಷಗಳಿಂದ ರಕ್ತನಾಳಕ್ಕೆ ಬೆಸೆದುಕೊಂಡ ತಂತಿಯನ್ನು ತೆಗೆಯುವುದು ನುರಿತ ವೈದ್ಯರ ಕೆಲಸ. ಬಹುಪಾಲು ಯಶಸ್ವಿಯಾದರೂ ಪ್ರಾಣಾಪಾಯ ಇಲ್ಲದಿಲ್ಲ.

ಹಾಗಾದರೆ ತೊಂಬತ್ತರ ಅಜ್ಜಿ, "ಬೇಡಪ್ಪ, ಇನ್ನು ಸಾಕು" ಎಂದರೆ ಅದು ಆತ್ಮಹತ್ಯೆಯೇ? ಅಲ್ಲ. ಸಾಧಾರಣ ಉಪಾಯಗಳಿಂದ ಜೀವ ಉಳಿಸಿಕೊಳ್ಳಲು ನಾವು ಬದ್ಧರು, ತನಗಾಗಲಿ ಇತರರಿಗಾಗಲಿ ಅತಿಭಾರವಾಗುವ ಉಪಾಯಗಳಿಗೆ ಬದ್ಧರಲ್ಲ ಎಂದು ೧೯೫೭ರಲ್ಲಿ ಜಗದ್ಗುರು ೧೨ನೇ ಪಿಯೂಸ್ ವೈದ್ಯರಿಗೆ ತಿಳಿಸಿದರು. ಐವತ್ತರ ಗಟ್ಟಿಮುಟ್ಟಾದ ವ್ಯಕ್ತಿಗೆ ಕರ್ತವ್ಯವೆನಿಸುವ ಅದೇ ಚಿಕಿತ್ಸೆ ಅಜ್ಜಿಗೆ ಅತಿಭಾರವಾಗಬಹುದು. ಇಲ್ಲಿ ಅಳೆಯುವುದು ಜೀವದ ಬೆಲೆಯನ್ನಲ್ಲ, ಚಿಕಿತ್ಸೆಯ ಭಾರವನ್ನು.

ಆದರೆ ಆ ತಕ್ಕಡಿ ಯಾರ ಕೈಯಲ್ಲಿರಬೇಕು? ಬುದ್ಧಿ ಸ್ವಾಧೀನದಲ್ಲಿರುವ ತನಕ ರೋಗಿಯ ಕೈಯಲ್ಲೇ. ಮಕ್ಕಳ ಕಷ್ಟವನ್ನು ತಾಯಿ ತಾನಾಗಿ ಲೆಕ್ಕಕ್ಕೆ ತಂದುಕೊಳ್ಳಬಹುದು, ಅದು ಅವಳ ಪ್ರೀತಿ. ಮಕ್ಕಳೇ ಆ ಕಷ್ಟವನ್ನು ಅವಳ ತಕ್ಕಡಿಗೆ ಹಾಕಿದರೆ ಅದು ಪ್ರೀತಿಯಲ್ಲ. ಆಸ್ಪತ್ರೆಯ ಬಿಲ್ಲು ನೋಡಿ ನಾವು ಮುಖ ಸಿಂಡರಿಸಿದ ಮೇಲೆ ಬಂದ "ಸಾಕು" ಎಂಬ ಮಾತು ಅವಳದೋ, ನಮ್ಮದೋ?

ಪ್ರಿಯರೇ, ಯಂತ್ರವಿಟ್ಟ ಜಾಗದಲ್ಲಿ ಕೆಂಪು, ಬಾವು, ಕೀವು, ಇಲ್ಲವೇ ಬಿಡದ ಜ್ವರ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ. ಮಕ್ಕಳಿಗೆ ತೊಂದರೆಯಾದೀತೆಂದು ಹಿರಿಯರು ಅದನ್ನು ಸೆರಗಿನಡಿ ಮುಚ್ಚಿಡದ ಮನೆ ನಮ್ಮದಾಗಲಿ. ಶಸ್ತ್ರಚಿಕಿತ್ಸೆ ಬೇಡವೆಂದವರಿಗೂ ನೋವು ತಗ್ಗಿಸುವ ಔಷಧ, ಪರಮಪ್ರಸಾದ, ರೋಗಿಗಳ ಅಭ್ಯಂಗ ಸಂಸ್ಕಾರ, ಹಾಸಿಗೆಯ ಬಳಿ ಕೂರುವ ಒಬ್ಬರು ಬೇಕೇ ಬೇಕು. ಇವು ಯಾವ ಕಾಲಕ್ಕೂ ಅತಿಭಾರವಲ್ಲ.