ಹುಲಿಯ ಪಾತ್ರ ಯಾರಿಗೆ?

ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1938ರಲ್ಲಿ ಮಕ್ಕಳ ಕೂಟ ಕಟ್ಟಿದ ಆರ್. ಕಲ್ಯಾಣಮ್ಮ ಬಾಲವಿಧವೆ. ತಮ್ಮ ಬಾಲ್ಯ ಕೈತಪ್ಪಿಹೋದರೂ ಊರ ಮಕ್ಕಳು ಕೂಡಿ ಆಡಲು, ಹಾಡಲು ಜಾಗ ಮಾಡಿಕೊಟ್ಟರು. ಆದರೆ ಉಂಡ ನೋವೆಲ್ಲ ಮರುಕವಾಗಿ ಮಾಗುತ್ತದೆಂಬ ಖಾತರಿ ಏನು? ಎಷ್ಟೋ ಜನರಲ್ಲಿ ಅದು ಬರೀ ಕಹಿಯಾಗಿ ಉಳಿಯುತ್ತದೆ. ಹಾಗಾದರೆ ತನ್ನ ಒಳಗಿನ ನೋವನ್ನು ನೋಡಿಕೊಂಡ ಮಗುವಿಗೆ ಎದುರಿಗಿರುವವರ ನೋವೂ ಕಾಣುವುದು ಹೇಗೆ?

ಗೀತೆಯ ಆರನೆಯ ಅಧ್ಯಾಯದ 32ನೆಯ ಶ್ಲೋಕ ಒಂದು ದಾರಿ ತೋರುತ್ತದೆ: ಪರರ ಸುಖದುಃಖವನ್ನು ತನ್ನದರ ಹೋಲಿಕೆಯಿಂದಲೇ ಅರಿಯುವವನು ಶ್ರೇಷ್ಠ ಯೋಗಿ. ಇದೇ ಗೀತೆಯನ್ನು ಬಾಳಿಗೆ ಹತ್ತಿರ ತಂದು ವಿವರಿಸಿದವರು ಡಿವಿಜಿ. ಅವರ ‘ಜೀವನಧರ್ಮಯೋಗ’ಕ್ಕೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಗ್ರಂಥ ಓದದ ಅಮ್ಮಂದಿರೂ ಆ ಶ್ಲೋಕದ ಮಾತನ್ನೇ ಕೇಳುತ್ತಾರೆ: “ನಿಂಗೆ ಯಾರಾದ್ರೂ ಹಾಗೆ ಮಾಡಿದ್ರೆ ಹೇಗಿರತ್ತೆ?” ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಟಿನ್ ಹಾಫ್‌ಮನ್ ಹೇಳಿದ್ದೂ ಹೆಚ್ಚುಕಡಿಮೆ ಇದೇ. ಹೊಡೆತ, ಬೈಗುಳಕ್ಕಿಂತ, ಮಾಡಿದ ಕೆಲಸದಿಂದ ಇನ್ನೊಬ್ಬರಿಗೆ ಏನಾಯಿತೆಂದು ತೋರಿಸಿಕೊಟ್ಟರೆ ಮಗುವಿನಲ್ಲಿ ಸಹಾನುಭೂತಿ ಬೆಳೆಯುತ್ತದೆ.

ಚೂಟಿ ಮಗುವಿನ ಬಳಿ ಉತ್ತರ ಸಿದ್ಧ: “ನಂಗೇನೂ ಬೇಜಾರಾಗಲ್ಲಪ್ಪ!” ಸುಳ್ಳೇನಲ್ಲ. ಅಡ್ಡಹೆಸರು ಕರೆದರೆ ನಕ್ಕುಬಿಡುವ ಹುಡುಗನಿಗೆ, ಅದೇ ಹೆಸರಿಗೆ ಕಣ್ಣಲ್ಲಿ ನೀರು ತಂದುಕೊಳ್ಳುವ ಗೆಳೆಯ ಅರ್ಥವಾಗುವುದಿಲ್ಲ. ಕಣ್ಣುಮುಚ್ಚಿ ಕುಳಿತು ತನ್ನನ್ನೇ ಎಷ್ಟು ಶೋಧಿಸಿಕೊಂಡರೂ ಅವನಿಗೆ ಸಿಗುವುದು ತನ್ನ ಅಳತೆಗೋಲೊಂದೇ.

ಅಲ್ಲಿ ನಾಟಕ ನೆರವಿಗೆ ಬರುತ್ತದೆ. ಶಾಲಾ ವಾರ್ಷಿಕೋತ್ಸವಗಳಲ್ಲಿ ‘ಗೋವಿನ ಹಾಡು’ ಆಡಿಸುವುದು ವಾಡಿಕೆ. ಹುಲಿಯ ಮುಖವಾಡ ಹಾಕಿಕೊಂಡ ಹುಡುಗ ಮೊದಲು ಗರ್ಜಿಸಿ ಮಜಾ ತೆಗೆದುಕೊಳ್ಳುತ್ತಾನೆ. ಕರುವಿಗೆ ಹಾಲೂಡಿಸಿ, ತಬ್ಬಲಿಯನ್ನು ನೋಡಿಕೊಳ್ಳಿರೆಂದು ಉಳಿದ ಹಸುಗಳಿಗೆ ಒಪ್ಪಿಸಿ, ಮಾತು ಕೊಟ್ಟು ಹೋಗಿದ್ದ ಹಸು ಪುಣ್ಯಕೋಟಿ ನಿಜವಾಗಿಯೂ ಹಿಂತಿರುಗಿದಾಗ ಆ ಗರ್ಜನೆ ಉಪಯೋಗಕ್ಕೆ ಬಾರದು. ಈಗ ಅವನು ನಾಚಬೇಕು. ಎದುರಿಗೆ ಹಸುವಾಗಿ ನಿಂತ ಸಹಪಾಠಿಯ ಮುಖ ನೋಡದೆ ನಾಚುವುದಾದರೂ ಹೇಗೆ? ಪುಣ್ಯಕೋಟಿಯ ಪಾತ್ರಕ್ಕೆ ಒಳ್ಳೆಯ ಮಗುವನ್ನೇ ಹುಡುಕುವ ಮೇಷ್ಟ್ರು, ತಂಟೆಕೋರನಿಗೆ ಹುಲಿಯ ವೇಷ ಹಾಕಿಸಿದರೆ ಹೆಚ್ಚು ಲಾಭ.

ಹಾಡಿನ ಕೊನೆ ಮಾತ್ರ ತೊಡಕಿನದು. ತನ್ನನ್ನು ತಾನು ಕಂಡುಕೊಂಡ ಹುಲಿ ಪ್ರಾಣವನ್ನೇ ಬಿಡುತ್ತದೆ. “ಹುಲಿ ಯಾಕೆ ಸಾಯಬೇಕಿತ್ತು?” ಎಂದು ಕೇಳುವ ಮಗುವನ್ನು ಕಥೆ ಹಾಗೇ ಇದೆಯೆಂದು ಸುಮ್ಮನಾಗಿಸುವುದು ಸುಲಭ. ಆದರೆ ಮಗುವಿನ ತಕರಾರು ನ್ಯಾಯವಾದದ್ದೇ. ತಪ್ಪು ಒಪ್ಪಿಕೊಂಡ ಹುಡುಗನಿಗೆ ಮರುದಿನ ಅದೇ ಬೆಂಚಿನಲ್ಲಿ, ತಾನು ಅಳಿಸಿದವನ ಪಕ್ಕದಲ್ಲೇ ಕೂರುವುದಿರುತ್ತದೆ. ಅಲ್ಲಿ ಏನು ಮಾತಾಡಬೇಕೆಂಬುದು ಹಾಡಿನಲ್ಲಿಲ್ಲ. ಅದನ್ನು ತರಗತಿಯಲ್ಲೇ ಆಡಿಸಿ ನೋಡಬೇಕು.