ಪೋಷಕನ ಕೈಯಲ್ಲಿರುವ ಅಮಾನತ್ತು

ಅನಾಥ ಮಗುವಿನ ಸೊತ್ತನ್ನು ತಿನ್ನುವುದು ಮಹಾಪಾಪವೆಂದು ನಮಗೆಲ್ಲ ಗೊತ್ತಿದೆ. ಆದರೆ ಬುದ್ಧಿ ಬೆಳೆಯದ ತಮ್ಮನ, ಮರೆವಿನ ರೋಗಕ್ಕೆ ತುತ್ತಾದ ತಾಯಿಯ, ಹಾಸಿಗೆ ಹಿಡಿದ ತಂದೆಯ ಸೊತ್ತಿನ ವಿಷಯ ಬಂದಾಗ ಆ ಭಯ ನಮ್ಮಲ್ಲಿ ಕಾಣುವುದಿಲ್ಲ. ‘ಹೇಗೂ ಮನೆಯದ್ದೇ ತಾನೇ’ ಎಂಬ ಒಂದು ಮಾತಿನಿಂದ ಹರಾಮನ್ನು ಹಲಾಲ್ ಮಾಡಿಕೊಳ್ಳುತ್ತೇವೆ.

ವೈಟ್‌ಫೀಲ್ಡಿನಂತಹ ಕಡೆಗಳಲ್ಲಿ ಈ ಪರೀಕ್ಷೆ ಇನ್ನೂ ಕಠಿಣ. 1990ರ ದಶಕದಲ್ಲಿ ಅಲ್ಲಿಗೆ ಐಟಿ ಪಾರ್ಕ್ ಬಂತು, 2023ರಲ್ಲಿ ಮೆಟ್ರೋ ಬಂತು. ಹೂಡಿ, ಕಾಡುಗೋಡಿ, ವರ್ತೂರುಗಳಲ್ಲಿ ಹಿರಿಯರು ರಾಗಿ ಬೆಳೆದ ನೆಲವನ್ನು ಈಗ ಚದರಡಿಯಲ್ಲಿ ಅಳೆಯುತ್ತಾರೆ. ಪಹಣಿಯಲ್ಲಿ ಹೆಸರಿರುವುದು ಕಾಗದದಲ್ಲಿ ಏನು ಬರೆದಿದೆಯೆಂದು ತಿಳಿಯದ ವೃದ್ಧನದ್ದಾದರೆ, ಅವನ ಹೆಬ್ಬೆರಳನ್ನು ಹಿಡಿದು ಒತ್ತಿಸುವ ಕೈ ಯಾರದ್ದು? ಹೆಚ್ಚಾಗಿ ಅದು ಪರರದ್ದಲ್ಲ, ಮಗನದ್ದು, ಅಳಿಯನದ್ದು, ಅಣ್ಣನ ಮಗನದ್ದು.

ಪವಿತ್ರ ಕುರ್‌ಆನ್ ಈ ವಿಷಯದಲ್ಲಿ ಮೌನವಾಗಿಲ್ಲ. ಅಲ್‌ಬಕರದ 282ನೇ ಸೂಕ್ತವು ಸಾಲಪತ್ರದ ನಿಯಮಗಳನ್ನು ವಿವರಿಸುವಾಗ, ಸಾಲಗಾರನು ಅವಿವೇಕಿಯೋ ದುರ್ಬಲನೋ ಆಗಿದ್ದರೆ ಅವನ ಪೋಷಕನು ನ್ಯಾಯದಿಂದ ಬರೆಯಿಸಬೇಕೆಂದು ಆದೇಶಿಸುತ್ತದೆ. ಪೋಷಕನಿಗೆ ಅಧಿಕಾರ ಸಿಕ್ಕಿದ್ದು ನ್ಯಾಯದ ಷರತ್ತಿನೊಂದಿಗೆ ಎಂಬುದನ್ನು ಗಮನಿಸಿರಿ. ಅನ್ನಿಸಾದ 5ನೇ ಸೂಕ್ತವು ಅಂಥವರಿಗೆ ಆ ಸೊತ್ತಿನಿಂದಲೇ ಉಣ್ಣಿಸಿ, ಉಡಿಸಿ, ಒಳ್ಳೆಯ ಮಾತನ್ನಾಡಬೇಕೆಂದು ಕಲಿಸುತ್ತದೆ. ಅನಾಥರ ಪೋಷಕನು ಅನುಕೂಲಸ್ಥನಾಗಿದ್ದರೆ ಅವರ ಸೊತ್ತನ್ನು ಮುಟ್ಟಬಾರದು, ಮರಳಿಸುವಾಗ ಸಾಕ್ಷಿಗಳಿರಬೇಕು ಎಂಬುದು ಅದರ ಮುಂದಿನ ಸೂಕ್ತದ ನಿಯಮ.

ದುರ್ಬಲನೆಂದ ಮಾತ್ರಕ್ಕೆ ಅವನ ಇಚ್ಛೆಗೆ ಬೆಲೆಯಿಲ್ಲವೇ? ಹಬ್ಬಾನ್ ಬಿನ್ ಮುನ್‌ಕಿದ್(ರ) ಎಂಬ ಸಹಾಬಿ ತಲೆಗೆ ಪೆಟ್ಟು ಬಿದ್ದುದರಿಂದ ವ್ಯಾಪಾರದಲ್ಲಿ ಮೋಸ ಹೋಗುತ್ತಿದ್ದರು. ಅವರನ್ನು ವ್ಯಾಪಾರದಿಂದ ತಡೆಯಬೇಕೆಂದು ಮನೆಯವರು ಕೋರಿದರು. ಆದರೆ ವ್ಯಾಪಾರ ಬಿಟ್ಟಿರಲಾರೆನೆಂದು ಅವರು ಹೇಳಿದಾಗ, ವಂಚನೆ ಸಲ್ಲದೆಂದು ಮೊದಲೇ ಹೇಳಿ ವ್ಯವಹರಿಸುವಂತೆ ಪ್ರವಾದಿವರ್ಯರು(ಸ) ತಿಳಿಸಿದರು; ಕೊಂಡದ್ದನ್ನು ಮೂರು ದಿನದೊಳಗೆ ಹಿಂದಿರುಗಿಸುವ ಹಕ್ಕನ್ನೂ ಕೊಟ್ಟರು. ಹೀಗೆ ಅವರ ಕೈಯನ್ನು ಕಟ್ಟದೆ, ಆ ಕೈಗೆ ಆಸರೆ ಕೊಟ್ಟರು.

ನಮ್ಮ ನಾಡಿನ ಕಾನೂನೂ ಇದೇ ದಿಕ್ಕಿನಲ್ಲಿದೆ. ಅಧಿಕಾರ ಪತ್ರ ಕೊಟ್ಟವನು ಬುದ್ಧಿ ಸ್ವಾಧೀನ ಕಳೆದುಕೊಂಡರೆ ಸಾಮಾನ್ಯವಾಗಿ ಆ ಪತ್ರದ ಬಲವೂ ಮುಗಿಯಿತೆಂದು 1872ರ ಕರಾರು ಕಾಯಿದೆ ಹೇಳುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮುಂತಾದವು ಇರುವವರಿಗಾಗಿ ಬಂದ 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯ ಪ್ರಕಾರ, ನೇಮಕಗೊಂಡ ಪೋಷಕನು 6 ತಿಂಗಳೊಳಗೆ ಸೊತ್ತಿನ ಪಟ್ಟಿಯನ್ನೂ ವರ್ಷವರ್ಷ ಲೆಕ್ಕವನ್ನೂ ಒಪ್ಪಿಸಬೇಕು. ಕಬಳಿಸಿದರೆ ಅಥವಾ ಕಡೆಗಣಿಸಿದರೆ ಅವನನ್ನು ತೆಗೆದುಹಾಕುವಂತೆ ಬಂಧುಗಳು ಸ್ಥಳೀಯ ಸಮಿತಿಗೆ ಅರ್ಜಿ ಕೊಡಬಹುದು. ವಿಕಲಚೇತನನೊಡನೆ ಸಮಾಲೋಚಿಸಿಯೇ ಪೋಷಕನು ತೀರ್ಮಾನಿಸಬೇಕೆಂಬುದು 2016ರ ಕಾಯಿದೆಯ ಆಶಯ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹಿರಿಯರಿಂದ ಆಸ್ತಿ ಬರೆಸಿಕೊಂಡು ಕೈಬಿಟ್ಟರೆ, 2007ರ ಕಾಯಿದೆಯಡಿ ಆ ದಾನಪತ್ರವನ್ನು ರದ್ದುಪಡಿಸಬಹುದು. ಹಿರಿಯರ ರಕ್ಷಣೆಗಾಗಿ ಈ ಕಾಯಿದೆಯನ್ನು ಉದಾರವಾಗಿ ಅರ್ಥೈಸಬೇಕೆಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಆದರೆ ಕಾನೂನಿನ ಕಣ್ಣಿಗೆ ಮಣ್ಣೆರಚುವುದು ಕಷ್ಟವಲ್ಲ. ಮುದ್ರೆ ಬಿದ್ದ ಕಾಗದ ಕಚೇರಿಯಲ್ಲಿ ನಡೆದೀತು, ಅಲ್ಲಾಹನ ಮುಂದೆ ನಡೆಯದು. ಆದ್ದರಿಂದ ಸಹೋದರರೇ, ಅವರ ಹಣವನ್ನು ಪ್ರತ್ಯೇಕ ಖಾತೆಯಲ್ಲಿಡಿರಿ. ಖರ್ಚನ್ನು ಬರೆದಿಡಿರಿ. ಒಡಹುಟ್ಟಿದವರಿಗೆ ಲೆಕ್ಕ ತೋರಿಸಿರಿ. ಸೊತ್ತು ಮಾರಲೇಬೇಕಾದರೆ ಹಣ ಅವರ ಔಷಧಿಗೆ, ಆರೈಕೆಗೆ ಹೋಗಲಿ. ಅವರಿಗೆ ಎಷ್ಟು ಅರ್ಥವಾಗುವುದೋ ಅಷ್ಟನ್ನು ಅವರೊಡನೆಯೇ ಕೇಳಿರಿ. ತಾಯಿಗೆ ನಿಮ್ಮ ಹೆಸರು ಮರೆತುಹೋಗಿರಬಹುದು. ಆಕೆಯ ಹಕ್ಕನ್ನು ಅಲ್ಲಾಹನು ಮರೆಯುವುದಿಲ್ಲ. ಇಂದು ಬಾಯಿಲ್ಲದವರಿಗೆ ಅಂದು ಬಾಯಿ ಬರುವುದು. ಆ ದಿನಕ್ಕೆ ಮುಂಚೆಯೇ ನಮ್ಮ ಲೆಕ್ಕವನ್ನು ಸರಿಪಡಿಸಿಕೊಳ್ಳೋಣ.