ಹೆಸರಿನ ಅಕ್ಷರವೂ ಅಂಕಿತವೂ

ನಾಟಕದ ಭಿತ್ತಿಪತ್ರದಲ್ಲಿ ನಟನ ಹೆಸರನ್ನು ಎಷ್ಟು ದಪ್ಪ ಅಕ್ಷರದಲ್ಲಿ ಅಚ್ಚುಹಾಕಬೇಕೆಂಬುದು ವಚನತತ್ತ್ವದ ಪತ್ರಿಕೆಯಲ್ಲಿ ವಿಚಾರಿಸತಕ್ಕ ವಿಷಯವೇ ಎಂದು ವಾಚಕ ಮಹಾಶಯರು ಕೇಳಬಹುದು. ‘ನಾನು’ ಎಂಬುದು ಅಳತೆಗೋಲಿಗೆ ಸಿಕ್ಕುವ ಸ್ಥಳಗಳು ವಿರಳ. ಸಿಕ್ಕಿದಲ್ಲಿ ನೋಡಿಬಿಡುವುದು ಲೇಸು.

ಅಳತೆಗೋಲೆಂದುದು ಮಾತಿನ ಅಲಂಕಾರವಲ್ಲ. ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರಗಳಲ್ಲಿ ಪ್ರಮುಖ ನಟನು ಒಪ್ಪಂದಕ್ಕೆ ರುಜು ಹಾಕುವಾಗ ಸಂಬಳದೊಡನೆ ಇದನ್ನೂ ಗೊತ್ತುಪಡಿಸಿಕೊಳ್ಳುವುದುಂಟು: ತನ್ನ ಹೆಸರು ನಾಟಕದ ಹೆಸರಿಗಿಂತ ಮೇಲೋ ಕೆಳಗೋ, ಅಕ್ಷರದ ಗಾತ್ರ ನಾಟಕದ ಹೆಸರಿನ ಅಕ್ಷರಕ್ಕೆ ನೂರರಲ್ಲಿ ಎಷ್ಟು ಪಾಲು, ಯಾರ ಹೆಸರು ಮೊದಲು. ಸರಿಸಮಾನರು ಇಬ್ಬರಿದ್ದರೆ ಒಬ್ಬನದನ್ನು ಎಡಕ್ಕೆ ತುಸು ಕೆಳಗೂ ಮತ್ತೊಬ್ಬನದನ್ನು ಬಲಕ್ಕೆ ತುಸು ಮೇಲೂ ಇಟ್ಟು ಇಬ್ಬರನ್ನೂ ಸಮಾಧಾನಪಡಿಸುತ್ತಾರೆ. ನಮ್ಮ ವೃತ್ತಿ ನಾಟಕ ಮಂಡಲಿಗಳಲ್ಲಿ ಹೆಸರನ್ನು ಮೇಲೆತ್ತುವ ಕೆಲಸವನ್ನು ಬಿರುದುಗಳೂ ಮಾಡುತ್ತಿದ್ದವು. ವರದಾಚಾರ್ಯರು ನಾಟಕ ಶಿರೋಮಣಿ, ಗುಬ್ಬಿ ವೀರಣ್ಣನವರು ನಾಟಕರತ್ನ.

ಇದನ್ನೆಲ್ಲ ಬರಿಯ ಅಹಂಕಾರವೆಂದು ತಳ್ಳಿಬಿಡುವುದು ಸುಲಭ, ಆದರೆ ನ್ಯಾಯವಲ್ಲ. ಹೆಸರನ್ನು ಕಂಡು ಜನ ಬರುತ್ತಾರೆ. ಜನ ಬಂದರೆ ಪರದೆ ಎಳೆಯುವವನ ಮನೆಯಲ್ಲಿಯೂ ಒಲೆ ಉರಿಯುತ್ತದೆ. ಹೆಸರೂ ಕಾಯಕದ ಬಂಡವಾಳವೇ. ಆದರೆ ಕಾಗದದ ಅಗಲ ಹಿಗ್ಗುವುದಿಲ್ಲವಲ್ಲ! ಒಂದು ಹೆಸರು ಬೆಳೆದಷ್ಟೂ ಉಳಿದವು ಕುಗ್ಗಿ, ಕೊನೆಗೆ ‘ಮುಂತಾದವರು’ ಎಂಬ ಒಂದೇ ಪದದಲ್ಲಿ ಅಡಗುತ್ತವೆ.

ಬಸವಣ್ಣನವರು ಕೂಡಲಸಂಗಮದೇವನ, ಅಲ್ಲಮಪ್ರಭುಗಳು ಗುಹೇಶ್ವರನ ಅಂಕಿತದಲ್ಲಿ ನುಡಿದರು. ತಮ್ಮ ಹೆಸರನ್ನು ಅಂಕಿತವಾಗಿಸಲಿಲ್ಲ. ಹಾಗಾದರೆ ನಟನೂ ಹೆಸರನ್ನು ಅಳಿಸಿಕೊಳ್ಳಬೇಕೆ? ಅವಸರದ ತೀರ್ಮಾನ ಬೇಡ. ಅಂಬಿಗರ ಚೌಡಯ್ಯನವರ ಅಂಕಿತ ಅವರ ಹೆಸರೇ, ಅದೂ ಕಾಯಕಸಹಿತವಾಗಿ. ಆದುದರಿಂದ ಹೆಸರು ಹೇಳಿಕೊಂಡುದರಲ್ಲಿಯೇ ದೋಷವಿದೆಯೆನ್ನಲಾಗದು. ಆದರೆ ಅಂಕಿತವು ಸಾಮಾನ್ಯವಾಗಿ ವಚನದ ಕೊನೆಗೆ ಬರುತ್ತದೆ. ನುಡಿದಾದ ಮೇಲೆ ಆ ನುಡಿಗೆ ಹೊಣೆಯಾಗಿ ನಿಲ್ಲುತ್ತದೆ. ಭಿತ್ತಿಪತ್ರದ ಹೆಸರು ಆಟಕ್ಕೆ ಮೊದಲೇ ಕೂಗುತ್ತದೆ. ಅದು ಹೊಣೆಯಲ್ಲ, ಸಾಲ.

ಸಾಲವೆಂಬುದನ್ನು ಬ್ರಾಡ್‌ವೇಯ ವರ್ತಕರೇ ಒಪ್ಪುತ್ತಾರೆ. ನಾಟಕದ ಹೆಸರಿಗಿಂತ ಮೇಲೆ ಅಚ್ಚಾದ ನಟನು ಅಂದು ಬಾರದಿದ್ದರೆ ಪ್ರೇಕ್ಷಕನು ಹಣ ಹಿಂದಕ್ಕೆ ಕೇಳಬಹುದೆಂಬ ಪದ್ಧತಿ ಅಲ್ಲಿದೆ. ಕೆಳಗಿನವನು ಬಾರದಿದ್ದರೆ ಆ ಸೌಲಭ್ಯವಿಲ್ಲ. ಅಕ್ಷರ ದಪ್ಪವಾದಷ್ಟೂ ಋಣ ಭಾರ. ಗಂಡ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಅದನ್ನು ಮರಳಿ ಸುರಿದು ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮನು ಈ ಒಪ್ಪಂದಪತ್ರವನ್ನು ನೋಡಿದ್ದರೆ ಏನೆನ್ನುತ್ತಿದ್ದಳೋ!

1884ರಲ್ಲಿ ಹುಟ್ಟಿದ ಗುಬ್ಬಿಯ ಮಂಡಲಿಯು ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘವೆಂದು ಹೆಸರಾಯಿತು. ಜನರ ಬಾಯಲ್ಲಿ ಅದು ವೀರಣ್ಣನವರ ಕಂಪನಿಯೇ ಆಯಿತು. ತಡೆಯುವುದು ಯಾರಿಂದಲೂ ಆಗದು. ಆದರೂ ಹೆಸರಿನಲ್ಲಿ ‘ಕೃಪಾಪೋಷಿತ’ ಎಂಬ ಪದ ಉಳಿಯಿತು. ಪೋಷಿತನು ಯಾರು, ಪೋಷಕನು ಯಾರು ಎಂಬ ಲೆಕ್ಕ ಅದರಲ್ಲಿಯೇ ಇದೆ.

ಮುಖ್ಯ ನಟನು ಬಾರದ ರಾತ್ರಿ ಬ್ರಾಡ್‌ವೇಯಲ್ಲಿ ಕಾರ್ಯಕ್ರಮ ಪತ್ರಿಕೆಯೊಳಗೆ ಒಂದು ಚೀಟಿ ಇಡುವುದುಂಟು. ಪಾತ್ರವನ್ನೆಲ್ಲ ಬಾಯಿಪಾಠ ಮಾಡಿಕೊಂಡು ದಿನವೂ ತೆರೆಯ ಹಿಂದೆ ಕಾದಿದ್ದವನ ಹೆಸರು ಅದರಲ್ಲಿರುತ್ತದೆ. ಚೀಟಿ ಓದಿ ಕೆಲವರು ಹಣ ಕೇಳಲು ಎದ್ದುಹೋಗುತ್ತಾರೆ. ಕೆಲವರು ಕುಳಿತೇ ಇರುತ್ತಾರೆ. ಅವರು ಅಂದು ನಾಟಕವನ್ನು ನೋಡುತ್ತಾರೆ.